ಅಂಚಿನಲ್ಲೊಂದು ಚುಕ್ಕೆ

ತಂಗಿಯ ಯಂತ್ರ ಒಮ್ಮೆಯಾದರೂ ತಪ್ಪಲಿ ಎಂದು ಅಕ್ಕ ಬೇಡಿಕೊಳ್ಳದ ದಿನವಿರಲಿಲ್ಲ. ಸುಳ್ಳೇಕೆ ಹೇಳಬೇಕು, ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಮಬ್ಬುಗತ್ತಲ ಕೋಣೆಯಲ್ಲಿ ಸ್ಕ್ಯಾನ್ ಓದಿ ಓದಿ ಕಣ್ಣು ಸವೆಸಿದ ಡಾಕ್ಟರು ಅವಳು. ತಂಗಿಯೋ, ಕಂಪ್ಯೂಟರಿನವಳು, ನಿನ್ನೆ ಮೊನ್ನೆ ಬಂದವಳು. ಗಡ್ಡೆಗೆ ಸೂಜಿ ಚುಚ್ಚಿ, ಅತಿ ಶೀತದಲ್ಲಿ ಹೆಪ್ಪುಗಟ್ಟಿಸಿ ಸಾಯಿಸಿದ ಮೇಲೆ ಅದು ಮತ್ತೆ ಬೆಳೆಯುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವ ಪ್ರೋಗ್ರಾಂ ಬರೆದಿದ್ದಳು. ಅದು ಹಳೆಯ ಸ್ಕ್ಯಾನಿನ ಮೇಲೆ ಹೊಸದನ್ನು ಹೊಂದಿಸಿ ಅಳೆದು, ಒಂದು ಅಂಕಿ ಕೊಡುತ್ತಿತ್ತು. ಎಲ್ಲರೂ ತಂಗಿಯನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಅಕ್ಕನ ಬಾಗಿಲಲ್ಲಿ ನಿಂತು ಸಲಹೆ ಕೇಳುತ್ತಿದ್ದ ಸರ್ಜನ್ ಕೂಡ ಈಗ "ಮೇಡಂ, ನಿಮ್ಮ ತಂಗಿಯವರ ಅಂಕಿ ಎಷ್ಟು ಬಂತು?" ಎನ್ನುತ್ತಿದ್ದ.

ಅಂಥ ಹೊತ್ತಿಗೆ, ಇಬ್ಬರನ್ನೂ ಸಾಕಿ ಬೆಳೆಸಿದ ಚಿಕ್ಕಮ್ಮನ ಮೂತ್ರಪಿಂಡದಲ್ಲೇ ಗಡ್ಡೆ ಕಾಣಿಸಿತು. ಹೆಪ್ಪುಗಟ್ಟಿಸಿದರು. ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಆಯಿತು. ಯಂತ್ರ ಹೇಳಿತು: ಮರುಕಳಿಸುವ ಭಯ ನೂರಕ್ಕೆ ನಾಲ್ಕು. ಇನ್ನು ವರ್ಷ ಬಿಟ್ಟು ಬಂದರೆ ಸಾಕು.

ಅಕ್ಕನಿಗೆ ಮಾತ್ರ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚುಕ್ಕೆ ಕಂಡಿತು.

"ಇಲ್ಲಿ ನೋಡೇ, ಬೆಳ್ಳಗೆ ಕಾಣ್ತಿದೆ."

"ಅದು ಗಾಯ ಮಾಯೋ ಗುರುತು ಅಕ್ಕಾ. ನೀನೇ ಅಲ್ವಾ ಹೇಳ್ಕೊಟ್ಟಿದ್ದು?" ತಂಗಿ ನಕ್ಕಳು. "ನನ್ನ ಮೇಲಿನ ಸಿಟ್ಟನ್ನ ಚಿಕ್ಕಮ್ಮನ ಕಿಡ್ನಿ ಮೇಲೆ ತೀರಿಸ್ಕೋಬೇಡ."

ಮಾತು ಚುರುಕ್ಕೆಂದಿತು. ಅಯ್ಯೋ, ನಿಜವೇ ಇರಬಹುದಲ್ಲ! ಚುಕ್ಕೆ ಇದೆಯೋ, ಇರಲಿ ಎಂಬ ಆಸೆಗೆ ಕಾಣುತ್ತಿದೆಯೋ? ಯಂತ್ರ ತಪ್ಪಬೇಕೆಂದರೆ ಚಿಕ್ಕಮ್ಮನ ಗಡ್ಡೆ ಬೆಳೆಯಬೇಕು. ಅದನ್ನೂ ಬಯಸುವಷ್ಟು ಕೆಟ್ಟುಹೋದೆನೇ ಎಂದು ಅಕ್ಕನಿಗೆ ಅನ್ನ ಸೇರಲಿಲ್ಲ.

ಮರುದಿನ ಸ್ಕ್ಯಾನ್ ತೆಗೆಯುವ ಟೆಕ್ನೀಷಿಯನ್ನನ್ನು ಕರೆದಳು. "ಚಿಕ್ಕಮ್ಮನದೂ ಸೇರಿ ಇಂಥವೇ ಹತ್ತು ಜನರ ಸ್ಕ್ಯಾನ್ ಕಲಸಿ ಕೊಡಪ್ಪ. ಹೆಸರು ಮುಚ್ಚು, ಎಡಬಲ ತಿರುಗಿಸು. ಚಿಕ್ಕಮ್ಮನದು ಯಾವ್ದು ಅಂತ ನಂಗೆ ಗೊತ್ತಾಗ್ಲೇಬಾರ್ದು."

ಒಂದೊಂದಾಗಿ ಓದಿದಳು. ಆರಕ್ಕೆ 'ಸರಿ' ಎಂದು ಬರೆದಳು. ಏಳನೆಯದಕ್ಕೆ ಪೆನ್ನು ನಿಂತಿತು. 'ಅನುಮಾನ' ಎಂದು ಬರೆದಳು. ಉಳಿದ ಮೂರೂ ಸರಿಯಿದ್ದವು. ಟೆಕ್ನೀಷಿಯನ್ ಏಳನೆಯದರ ಹೆಸರು ತೆರೆದು ತೋರಿಸಿದ. ಚಿಕ್ಕಮ್ಮನದೇ!

"ಹಾಗಾದ್ರೆ ಮೆಷಿನ್ನು ಯಾಕೆ ತಪ್ತು?" ಎಂದು ಅವಳೇ ಗೊಣಗಿಕೊಂಡಳು.

ಟೆಕ್ನೀಷಿಯನ್ ತಲೆ ಕೆರೆದುಕೊಂಡ. "ಮೇಡಂ, ಮೊದಲ ಸ್ಕ್ಯಾನಲ್ಲಿ ಉಸಿರು ಹಿಡೀರಿ ಅಂದಾಗಲೆಲ್ಲ ಅವ್ರು, 'ಹಿಡ್ದಿದ್ದೀನಪ್ಪ, ನಿಂಗೆ ಮಕ್ಕಳೆಷ್ಟು?' ಅಂತಿದ್ರು."

ಬಾಯಿಗೆ ಬಿಡುವು ಕೊಡದ ಚಿಕ್ಕಮ್ಮ! ಉಸಿರಿನ ಜೊತೆ ಮೂತ್ರಪಿಂಡವೂ ಮೇಲೆ ಕೆಳಗೆ ಓಡಾಡಿತ್ತು. ಎರಡೂ ಸ್ಕ್ಯಾನು ಒಂದರ ಮೇಲೊಂದು ಸರಿಯಾಗಿ ಕೂರದೆ, ಯಂತ್ರ ಚುಕ್ಕೆಯ ಪಕ್ಕದ ಜಾಗ ಅಳೆದಿತ್ತು.

ಕೇಳಿ ತಂಗಿ ಬಿಳಿಚಿಕೊಂಡಳು. ಚುಕ್ಕೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕನೆಯ ದಿನ ಅಕ್ಕನಿಗೆ ಫೋನ್ ಬಂತು: ಗಡ್ಡೆ ಇದೆ, ಇನ್ನೂ ಚಿಕ್ಕದು, ಮತ್ತೊಮ್ಮೆ ಹೆಪ್ಪುಗಟ್ಟಿಸಿದರೆ ಹೋಗುತ್ತದೆ.

"ನೀನೇ ಗೆದ್ದೆ ಅಕ್ಕಾ," ತಂಗಿ ಅಪ್ಪಿಕೊಂಡು ಅತ್ತಳು. ಅಕ್ಕನೂ ಅತ್ತಳು. ಫೋನಿನಲ್ಲಿ 'ಗಡ್ಡೆ ಇದೆ' ಎಂದು ಕಿವಿಗೆ ಬಿದ್ದ ಗಳಿಗೆ, ಹೆದರಿಕೆಗೂ ಮುಂಚೆ ಅವಳೊಳಗೆ ಖುಷಿ ಕುಣಿದಿತ್ತು. ಅದನ್ನು ಯಾರ ಹತ್ತಿರ ಹೇಳುವುದು?

ವಾರ್ಡಿನಲ್ಲಿ ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡಳು. "ನಂಗೊತ್ತು ಕಣೇ, ನಿನ್ನಷ್ಟು ನನ್ನ ಮೇಲೆ ಜೀವ ಇಟ್ಟೋರು ಬೇರೆ ಯಾರೂ ಇಲ್ಲ."

ಅಕ್ಕ ತಲೆ ಎತ್ತಲಿಲ್ಲ.