ಬೆಂಕಿಯಿಂದ ಹೊರಬಂದವರು

ಸಂಯುಕ್ತಾಗೆ ಪರದೇಶದಲ್ಲಿ, ಮೀಡಿಯಾಸಿಟಿ ಎಂಬ ಕಡೆ ಒಂದು ಸಣ್ಣ ವಿಡಿಯೋ ಕಂಪನಿಯಲ್ಲಿ ಕೆಲಸ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಆಫೀಸಿನಲ್ಲಿ ಕನ್ನಡದವನೆಂದರೆ ಹುಬ್ಬಳ್ಳಿಯ ಪ್ರಥಮ್ ಒಬ್ಬನೇ. ಅವನ ಜೊತೆಗೂ ಮಾತು ಮಳೆ, ಚಳಿ, ತಡವಾದ ಟ್ರಾಮ್ ದಾಟಿ ಮುಂದೆ ಹೋಗಿರಲಿಲ್ಲ.

ಆ ಮಂಗಳವಾರ ಅವನು ಎಡಿಟ್ ಮಾಡಿದ ವಿಡಿಯೋ ಅವಳ ಬಳಿ ಬಂತು. ೧೯೩೭ರಲ್ಲಿ ಅಮೆರಿಕದಲ್ಲಿ ಇಳಿಯುವಾಗ ಹೊತ್ತಿಕೊಂಡ ಹಿಂಡೆನ್‌ಬರ್ಗ್ ವಾಯುನೌಕೆಯ ಕಥೆ. ಎಲ್ಲರೂ ನೋಡಿರುವ ಅದೇ ಕಪ್ಪುಬಿಳುಪು ಫೋಟೋ: ಬಾಲ ನೆಲಕ್ಕೆ ಕುಸಿಯುತ್ತಿದೆ, ಮೇಲೆ ಗುಡ್ಡದಂಥ ಬೆಂಕಿ. ಕೆಳಗೆ ಪ್ರಥಮ್ ಹಾಕಿದ್ದ ಸಾಲು, 'ಒಳಗಿದ್ದ ಯಾರೂ ಉಳಿಯಲಿಲ್ಲ.'

ಅವಳು ಅವನ ಮೇಜಿನ ಹತ್ತಿರ ಹೋದಳು. "ಇದು ತಪ್ಪು, ಪ್ರಥಮ್. ಒಳಗೆ ತೊಂಬತ್ತೇಳು ಜನ ಇದ್ರು. ಅರವತ್ತೆರಡು ಜನ ಬದುಕಿದ್ರು."

"ಸುಮ್ನಿರ್ರೀ ಮೇಡಂ! ಈ ಬೆಂಕಿಯಿಂದ ಯಾರು ಹೊರಗ ಬರ್ತಾರ?"

"ಬರ್ತಾರೆ!"

ಅಷ್ಟು ಜೋರಾಗಿ ಹೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ಪಕ್ಕದವರು ತಿರುಗಿ ನೋಡಿದರು. ಪ್ರಥಮ್ ಗಾಬರಿಯಿಂದ ಎದ್ದ. "ಬರ್ರಿ, ಸ್ವಲ್ಪ ಹೊರಗ ಹೋಗೋಣ."

ಆಫೀಸಿನ ಎದುರಿನ ನೀರಿನ ದಂಡೆಯಲ್ಲಿ ಚಳಿಗಾಳಿ ಬೀಸುತ್ತಿತ್ತು. ಅವಳೇ ಕೇಳಿದಳು. "ನಮ್ಮ ಕಡೆ ಹೈವೇಲಿ ಸ್ಲೀಪರ್ ಬಸ್ ಸುಟ್ಟುಹೋಯ್ತಲ್ಲ, ಅದರ ಫೋಟೋ ನೋಡಿದ್ದೀರಾ? ಮುಂದೆ ಒಬ್ಬ ಪೊಲೀಸ್ ತಲೆ ಮೇಲೆ ಕೈ ಹೊತ್ಕೊಂಡು ನಿಂತಿರ್ತಾನೆ."

"ನೋಡೀನ್ರಿ. ಎಲ್ಲಾ ಗ್ರೂಪಿಗೂ ಬಂದಿತ್ತು. ನಾನೂ ಫಾರ್ವರ್ಡ್ ಮಾಡಿದ್ದೆ. ಪಾಪ, ಒಬ್ಬರೂ ಉಳೀಲಿಲ್ಲ."

"ನಾನು ಉಳಿದೆ."

ಫೋಟೋ ತೆಗೆದಾಗ ಅವಳು ರಸ್ತೆಯ ಆಚೆ, ಜೋಳದ ಹೊಲದಲ್ಲಿ ಬಿದ್ದಿದ್ದಳು. ಗಂಡ ಅವಳನ್ನು ಹಿಂದಿನ ಕಿಟಕಿಯಿಂದ ಹೊರಗೆ ದಬ್ಬಿ, ಪಕ್ಕದ ಬರ್ತಿನ ಮಗುವನ್ನು ತರಲೆಂದು ತಿರುಗಿದವನು ಮತ್ತೆ ಬರಲಿಲ್ಲ. ಆಮೇಲೆ ಯಾರ ಮನೆಗೆ ಹೋದರೂ ಜನ ಅವಳನ್ನಲ್ಲ, ಆ ಫೋಟೋವನ್ನೇ ನೋಡುತ್ತಿದ್ದರು. ಅದಕ್ಕೇ ಈ ದೇಶಕ್ಕೆ ಬಂದಳು. ಇಲ್ಲಿ ಯಾರೂ ಹಾಗೆ ನೋಡಲಿಲ್ಲ. ಏನೂ ಕೇಳಲೂ ಇಲ್ಲ.

ಅವಳು ಇಷ್ಟು ಹೇಳಿದ ಮೇಲೆ ಪ್ರಥಮ್ ಕೇಳಿದ, "ನಿಮ್ಮ ಯಜಮಾನರ ಹೆಸರೇನ್ರಿ?"

"ಉಲ್ಲಾಸ್."

ಈ ದೇಶದಲ್ಲಿ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಒಮ್ಮೆ ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. ಉಪ್ಪಿಟ್ಟಿಗೆ ಸಕ್ಕರೆ ಬೆರೆಸಿ ತಿನ್ನುತ್ತಿದ್ದ, ಹಲ್ಲಿ ಕಂಡರೆ ಕುರ್ಚಿ ಹತ್ತುತ್ತಿದ್ದ, ದಾರಿ ತಪ್ಪಿದರೂ ಯಾರನ್ನೂ ಕೇಳುತ್ತಿರಲಿಲ್ಲ. ಪ್ರಥಮ್ ಎಲ್ಲ ಕೇಳಿದ. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು; ಮೀಟಿಂಗ್.

"ಹೋಗಿ," ಎಂದಳು.

ಅವನು ಎರಡು ಹೆಜ್ಜೆ ಹೋಗಿ ನಿಂತ. "ಶನಿವಾರ ಮನಿಗೆ ಊಟಕ್ಕ ಬರ್ತೀರೇನ್ರಿ?"

"ನೋಡೋಣ."

ಸಂಜೆಯೊಳಗೆ ಅವನು ಆ ಸಾಲು ತಿದ್ದಿ ಕಳಿಸಿದ್ದ. ಅವಳು ಟ್ರಾಮಿನಲ್ಲಿ ನಿಂತುಕೊಂಡೇ ಮನೆಗೆ ಬಂದಳು, ಹೀಟರ್ ಹಾಕಿದಳು, ಕೋಟು ತೆಗೆಯದೆ ಮಂಚದ ಅಂಚಿನಲ್ಲಿ ಕುಳಿತಳು. ಉಲ್ಲಾಸ್ ಹೇಗೆ ನಗುತ್ತಿದ್ದ ಅನ್ನುವುದನ್ನು ಹೇಳಲೇ ಇಲ್ಲವಲ್ಲ ಎಂದು ನೆನಪಾಯಿತು. ಈಗ ಹೇಳೋಣವೆಂದರೆ ಕೋಣೆಯಲ್ಲಿ ಯಾರೂ ಇರಲಿಲ್ಲ.