ಗುಡಿ ಅಂಗಳದ ಅಹವಾಲು

ಮೈಕಿನ ವೈರು ಗುಡಿಯ ಬಾಗಿಲ ತನಕ ಬಂದು ನಿಂತುಬಿಟ್ಟಿತು. ಒಳಗೆ ಅಂಗಳದಲ್ಲಿ ಶಾಮಿಯಾನ, ಕುರ್ಚಿ, ಊರ ಜನ, ಕಂಪನಿಯವರು. ಹೊರಗೆ ಬೇವಿನ ಮರದಡಿ ಕಾಲೋನಿಯ ಮೂವತ್ತು ನಲವತ್ತು ಜನ.

“ವೈರು ಸಾಲ್ದು ಕಣಯ್ಯ, ಏನ್ ಮಾಡಾಣ?” ಎಂದ ಮೈಕ್ ಸೆಟ್ಟಿನವನು.

ಸಣ್ಣರಂಗಯ್ಯನಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಪಾವಗಡದ ಬಯಲಲ್ಲಿ ಹುಟ್ಟುವ ಸೋಲಾರ್ ಕರೆಂಟನ್ನು ಮಧುಗಿರಿ ದಾಟಿಸಿ, ಬೆಟ್ಟ ಹತ್ತಿಸಿ ಇಳಿಸಿ, ಈ ಹೊಳವನಹಳ್ಳಿ ಕಡೆಗೆ ಎಳೆದು ತರುತ್ತೇವೆ ಎಂದು ಬಂದವರು ಇವರು. ಇವರ ಹತ್ತಿರ ಹನ್ನೆರಡು ಅಡಿ ವೈರಿಲ್ಲವಂತೆ!

ಅವನು ಗ್ರಾಮ ಪಂಚಾಯ್ತಿಯ ನೀರುಗಂಟಿ. ಮೋಟಾರು ಹಾಕುವುದು, ಬೀದಿ ಬೀದಿಗೆ ನೀರು ಬಿಡುವುದು ಅವನ ಕೆಲಸ. ಈ ಸಭೆಯ ಕರಪತ್ರ ಮನೆಮನೆಗೆ ಹಂಚಿದವನೂ ಅವನೇ. ‘ಪರಿಸರದ ಮೇಲಿನ ಪರಿಣಾಮ ಕುರಿತು ಸಾರ್ವಜನಿಕ ಸಮಾಲೋಚನೆ, ಸ್ಥಳ ಶಾಲಾ ಮೈದಾನ, ಸರ್ವರಿಗೂ ಸ್ವಾಗತ’ ಎಂದಿತ್ತು ಅದರಲ್ಲಿ. ತನ್ನ ಕಾಲೋನಿಗೆ ಹೋದಾಗ, “ಕೂಲಿ ಬುಟ್ಟಾದ್ರೂ ಬರ್ರಿ, ಇದು ನಮ್ದೇ ವಿಷ್ಯ” ಎಂದು ಒಬ್ಬೊಬ್ಬರಿಗೂ ಹೇಳಿ ಬಂದಿದ್ದ.

ನಿಜಕ್ಕೂ ಅವರದ್ದೇ ವಿಷಯ. ಕರೆಂಟಿನ ಟವರಿಗೆಂದು ಗುರುತು ಹಾಕಿದ ಕೆಂಪು ಕಲ್ಲೊಂದು ಕಾಲೋನಿಯ ಸ್ಮಶಾನದ ನಡುವೆ, ಅವನ ಹೆಂಡತಿ ಪಟಾಲಮ್ಮನ ತಲೆದೆಸೆಗೆ ಸರಿಯಾಗಿ ನೆಟ್ಟಿತ್ತು. ಅವಳನ್ನು ಮಣ್ಣು ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ನಾಲ್ಕು ತಲೆಮಾರಿನ ಹೆಣ ಹೂತಿದ್ದರೂ ಆ ಜಾಗ ಪಹಣಿಯಲ್ಲಿ ಉಳುಮೆಗಾಗದ ಸರ್ಕಾರಿ ಖರಾಬು. ಕಂಪನಿಯವರು ಪಹಣಿ ನೋಡಿದರು, ‘ಖಾಲಿ ಜಾಗ’ ಎಂದು ಬರೆದುಕೊಂಡರು, ಕಲ್ಲು ನೆಟ್ಟು ಹೋದರು. ಅಲ್ಲಿ ಟವರು ಬೇಡ ಎಂದು ನಾಲ್ಕು ಜನರ ಎದುರು ಹೇಳಬೇಕೆಂದು ಸಣ್ಣರಂಗಯ್ಯ ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದ.

ಬೆಳಿಗ್ಗೆ ನೋಡಿದರೆ ಸಭೆ ಗುಡಿಯ ಅಂಗಳಕ್ಕೆ ಬಂದು ಕೂತಿದೆ. ಮೈದಾನದಲ್ಲಿ ಬಿಸಿಲು, ಗುಡಿಯಲ್ಲಿ ನೆರಳು ಎಂದು ಪಂಚಾಯ್ತಿ ಅಧ್ಯಕ್ಷ ರಂಗಸ್ವಾಮಿ ಬದಲಾಯಿಸಿಬಿಟ್ಟಿದ್ದ. ಕಂಪನಿಯ ವರದಿ ಬರೆಯುವ ನವೀನ್ ಕುಮಾರ್, ತುಮಕೂರಿನಿಂದ ಬಂದ ಮೃದು ಮಾತಿನ ಯುವಕ, ಹೊರಗೆ ನಿಂತವರನ್ನು ಕಂಡು ಕೇಳಿಯೂ ಕೇಳಿದ.

“ಅವರೆಲ್ಲ ಒಳಗೆ ಬರಬಹುದಲ್ವಾ ಸರ್?”

“ಯಾರು ಬ್ಯಾಡ ಅಂದವ್ರೆ? ಅವ್ರೇ ಬರಾಕಿಲ್ಲ. ಮೊದ್ಲಿಂದ್ಲೂ ಅಂಗೇ” ಎಂದ ರಂಗಸ್ವಾಮಿ.

ನವೀನ್ ತಲೆಯಾಡಿಸಿ ನಾಯಕನ ಹಿಂದೆ ಹೋಗುವ ಕುರಿಯಂತೆ ಒಳಗೆ ಹೋದ. ಆ ತಲೆಯಾಡಿಸಿದ್ದು ಸಣ್ಣರಂಗಯ್ಯನ ಕಣ್ಣಿಗೆ ಬಿತ್ತು. ರಂಗಸ್ವಾಮಿಯ ಮಾತೇನೂ ಹೊಸದಲ್ಲ, ಹುಟ್ಟಿದಾಗಿನಿಂದ ಕೇಳಿದ್ದೇ. ಓದಿ ಬಂದವನು ಅದನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡನಲ್ಲ, ಅದು ಅಸಹ್ಯ.

ಒಳಗೆ ಒಂದು ಗಂಟೆ ಸಭೆ ನಡೆಯಿತು. ಯಾರ ತೋಟದ ಎಷ್ಟು ತೆಂಗು, ಯಾರ ಹೊಲದ ಎಷ್ಟು ಹುಣಸೆ, ಎಲ್ಲಕ್ಕೂ ನವೀನನ ಹತ್ತಿರ ಪಟ್ಟಿ ಇತ್ತು. ಹೊರಗಿನವರಿಗೆ ಕೇಳಿಸಿದ್ದು ಬರೀ ಗೊರಗೊರ. ಮುದುಕಿ ಲಕ್ಕಮ್ಮ ಕಿವಿಗೆ ಕೈ ಹಿಡಿದು ಹಿಡಿದು ಸಾಕಾಗಿ ಅಲ್ಲೇ ಕುಕ್ಕರಿಸಿದಳು.

ಕೊನೆಗೆ ರಂಗಸ್ವಾಮಿ ಬಾಗಿಲಿಗೆ ಬಂದ. ಕೈಯಲ್ಲಿ ಹಾಜರಿ ಪುಸ್ತಕ.

“ಲೇ ಸಣ್ಣರಂಗ, ನಿಮ್ಮೋರ ಸಹಿ ಹಾಕ್ಸು. ಬ್ಯಾಂಕಿನೋರು ಕೇಳ್ತಾರಂತೆ, ಎಸ್ಸಿಗಳು ಎಷ್ಟು ಜನ ಬಂದಿದ್ರು ಅಂತ.”

ಮೈಕು ಹೊರಗೆ ಬರಲಿಲ್ಲ, ಪುಸ್ತಕ ಮಾತ್ರ ಸಲೀಸಾಗಿ ಬಂತು. ಯೋಜನೆಗೆ ಸಾಲ ಕೊಡುವ ಹೊರದೇಶದ ಬ್ಯಾಂಕಿಗೆ, ಎಲ್ಲರನ್ನೂ ಕೇಳಿದ್ದೇವೆ ಎಂಬ ಪುರಾವೆ ಬೇಕಿತ್ತು. ಇಲ್ಲವೆಂದರೆ ಕೆಲಸ ಹೋದೀತೆಂಬ ಭಯ ಬೇರೆ. ಸಣ್ಣರಂಗಯ್ಯ ಪುಸ್ತಕ ಹಿಡಿದು ಮರದಡಿಗೆ ಹೋದ. ಸಹಿ ಅಂದರೆ ರೇಷನ್ನೋ ಉದ್ಯೋಗ ಖಾತ್ರಿಯೋ ಇರಬೇಕೆಂದು ಜನ ಸಾಲುಗಟ್ಟಿದರು. ಲಕ್ಕಮ್ಮ ಹೆಬ್ಬೆಟ್ಟು ಒತ್ತುತ್ತಾ, “ಏನಂದ್ರಪ್ಪಾ ಒಳಗೆ? ನಮ್ ಗುದ್ದಲಿ ಜಾಗ ಬುಡ್ತಾರಂತಾ?” ಎಂದಳು. ಹೂಳುವ ಜಾಗವನ್ನು ಅವಳು ಹಾಗೇ ಕರೆಯುತ್ತಿದ್ದುದು.

ಸಣ್ಣರಂಗಯ್ಯ ಪುಸ್ತಕವನ್ನು ಮುಂದಿನವರಿಗೆ ಸರಿಸಿದ. ಕೊನೆಯಲ್ಲಿ ತಾನೂ ಸಹಿ ಹಾಕಲು ಪೆನ್ನು ಹಿಡಿದಾಗ ಪುಟದ ತುದಿಯ ಕಾಲಂ ಕಣ್ಣಿಗೆ ಬಿತ್ತು. ಪ್ರತಿ ಸಾಲಿನಲ್ಲೂ ಮೊದಲೇ ಅಚ್ಚಾಗಿತ್ತು: ‘ಆಕ್ಷೇಪಣೆ ಇಲ್ಲ’. ಲಕ್ಕಮ್ಮನ ಹೆಬ್ಬೆಟ್ಟಿನ ಮುಂದೆಯೂ ಅದೇ.

ಅವನ ಮೈಯೆಲ್ಲ ಉರಿದುಹೋಯಿತು. ಪೆನ್ನು ಮುಚ್ಚಿ, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಐವತ್ತೆಂಟು ವರ್ಷ ದಾಟದ ಹೊಸ್ತಿಲನ್ನು ದಾಟಿ ನೇರ ಮೈಕಿನ ಮುಂದೆ ನಿಂತ.

“ಆ ಕೆಂಪು ಕಲ್ಲು ನೆಟ್ಟಿರಾದು ನಮ್ ಸ್ಮಶಾನದಾಗೆ. ನನ್ನೆಂಡ್ತಿ ಅಲ್ಲಿ ಮಲಗವಳೆ. ಅಲ್ಲಿ ಟವರು ಬ್ಯಾಡ.”

ವಾರದಿಂದ ಜೋಡಿಸಿದ್ದರಲ್ಲಿ ಅಷ್ಟೇ ಬಾಯಿಗೆ ಬಂದದ್ದು. ಸಭೆಯ ಫೋಟೋ ತೆಗೆಯುತ್ತಿದ್ದ ಕಂಪನಿಯವನೊಬ್ಬನ ಕ್ಯಾಮೆರಾ ಮಿನುಗಿತು. ಅಷ್ಟರೊಳಗೆ ಯಾರೋ ವೈರು ಕಿತ್ತಿದ್ದರು. ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ತಮ್ಮ ಹೊಲದ ಮೇಲೆ ನಾಲ್ಕುನೂರು ಕೆವಿ ತಂತಿ ಹಾಯುತ್ತದೆ ಎಂದಾಗ ಆಕಳಿಸುತ್ತ ಕೂತಿದ್ದವರಿಗೆಲ್ಲ ಈಗ ಗಂಟಲು ಬಂತು.

“ಗುಡಿ ಕೆಡಿಸ್ಬುಟ್ಟಲ್ಲೋ! ಯಾವ ಧೈರ್ಯದ ಮ್ಯಾಲೆ ಬಂದೆ?” ರಂಗಸ್ವಾಮಿ ಅರಚಿದ. ಇಬ್ಬರು ಅವನ ರಟ್ಟೆ ಹಿಡಿದು ಹೊರಕ್ಕೆ ದಬ್ಬಿದರು. ಹಿಂದೆಯೇ ಬಿಂದಿಗೆ ಬಿಂದಿಗೆ ನೀರು ಸುರಿದು ಅಂಗಳ ತೊಳೆದರು. ಆ ನೀರನ್ನು ಬೆಳಿಗ್ಗೆ ಟ್ಯಾಂಕಿಗೆ ಏರಿಸಿದವನು ಸಣ್ಣರಂಗಯ್ಯನೇ. ಅದಕ್ಕೆ ಮೈಲಿಗೆ ಇರಲಿಲ್ಲವೆಂದು ಕಾಣುತ್ತದೆ. ಥೂ!

ನವೀನ್ ಪುಸ್ತಕ ಇಸಿದುಕೊಂಡು, ಪ್ಯಾಂಟು ಒದ್ದೆಯಾಗದಂತೆ ಎತ್ತಿ ಹಿಡಿದು, ಕಾರು ಹತ್ತಿದ.

ಒಂದೂವರೆ ತಿಂಗಳ ಮೇಲೆ ಅವನೇ ಕಾಲೋನಿಗೆ ಬಂದ. ಕೈಯಲ್ಲಿ ದಪ್ಪನೆಯ ವರದಿ, ಮುಖದಲ್ಲಿ ನೆಂಟರ ಮನೆಗೆ ಬಂದವನ ನಗೆ.

“ಯಜಮಾನ್ರೇ, ನಿಮ್ಮ ಫೋಟೋ ತುಂಬಾ ಚೆನ್ನಾಗಿ ಬಂದಿದೆ. ಪುಸ್ತಕದಲ್ಲಿ ನಿಮ್ಮ ಸಹಿ ಒಂದು ಬಿಟ್ಟುಹೋಗಿದೆ. ಫೋಟೋದಲ್ಲಿರೋರ ಸಹಿ ಇಲ್ಲದಿದ್ರೆ ಬ್ಯಾಂಕಿನವರು ಒಪ್ಪಲ್ಲ.”

ಸಣ್ಣರಂಗಯ್ಯ ನೋಡಿದ. ಮೈಕಿನ ಮುಂದೆ ಬಾಯಿ ತೆರೆದು ತಾನು. ಕೆಳಗೆ ಬರೆದಿತ್ತು: ‘ಶಾಲಾ ಮೈದಾನದ ಸಭೆಯಲ್ಲಿ ಯೋಜನೆಯನ್ನು ಸ್ವಾಗತಿಸಿ ಮಾತನಾಡುತ್ತಿರುವ ಪರಿಶಿಷ್ಟ ಜಾತಿಯ ಹಿರಿಯರು.’

“ನಾನಂದಿದ್ದು ಎಲ್ಲೈತೆ?”

ನವೀನ್ ದನಿ ತಗ್ಗಿಸಿದ. “ನಾನು ಬರೆದಿದ್ದೆ. ಆಫೀಸಿನಲ್ಲಿ ತೆಗೆದುಬಿಟ್ಟರು. ಗುಡಿ ತೊಳೆದಿದ್ದೆಲ್ಲ ಬಂದರೆ ನಿಮ್ಮ ಊರಿಗೇ ಕೆಟ್ಟ ಹೆಸರಲ್ವಾ?”

ಊರಿನ ಹೆಸರಿನ ಬಗ್ಗೆ ಇವನಿಗೆಷ್ಟು ಕಾಳಜಿ! ಬೈಯಬೇಕೆಂದು ಬಾಯಿ ತೆರೆದ ಸಣ್ಣರಂಗಯ್ಯನಿಗೆ, ಬೈದರೆ ಅದಕ್ಕೂ ‘ಸ್ವಾಗತಿಸಿದರು’ ಎಂದೇ ಒಕ್ಕಣೆ ಬರೆದಾರು ಎನ್ನಿಸಿ ಹೇಸಿಗೆಯಾಯಿತು.

“ಬಾರಪ್ಪ. ಸಹಿ ಅಲ್ಲಿ ಹಾಕ್ತೀನಿ” ಎಂದು ಮುಂದೆ ನಡೆದ.

ಕಾಲೋನಿಯ ಹಿಂದಿನ ದಿಬ್ಬ ಹತ್ತಿದರು. ಸಣ್ಣರಂಗಯ್ಯ ದಾರಿ ಬಲ್ಲವನು, ಬಳಸಿ ಬಳಸಿ ಹೋಗಿ ಕೆಂಪು ಕಲ್ಲಿನ ಹತ್ತಿರ ನಿಂತ. ಹಿಂದೆ ಬಂದ ನವೀನ್ ಅರ್ಧದಲ್ಲೇ ನಿಂತುಬಿಟ್ಟ. ಎಡಕ್ಕೆ ನೋಡಿದರೆ ಮಣ್ಣಿನ ಗುಡ್ಡೆ, ತಲೆದೆಸೆಗೊಂದು ಕಲ್ಲು. ಬಲಕ್ಕೆ ಸಣ್ಣ ಗುಡ್ಡೆ, ಯಾವುದೋ ಮಗುವಿನದು. ಮುಂದೆ ಎರಡು, ಹಿಂದೆಯೂ. ಮೇಲೆತ್ತಿದ ಒಂದು ಶೂ ಹಾಗೇ ಗಾಳಿಯಲ್ಲಿ ಉಳಿಯಿತು.

“ಯಜಮಾನ್ರೇ, ಎಲ್ಲಿ ಕಾಲಿಡ್ಲಿ?”

“ಯಾಕಪ್ಪಾ, ಖಾಲಿ ಜಾಗ ಅಂತ ನೀನೇ ಬರ್ದಿದ್ಯಲ್ಲ” ಎಂದ ಸಣ್ಣರಂಗಯ್ಯ. “ಎಲ್ಲಿ ಬೇಕಾದ್ರೂ ಇಡು.”