ರಾಗಿ ಹೊಲದ ಚುಕ್ಕಿ

ಉಪಗ್ರಹ ಕಳಿಸುವ ರಾಡಾರ್ ಅಲೆಗಳನ್ನು ರಾಗಿ ಪೈರು ಎಷ್ಟರಮಟ್ಟಿಗೆ ಹಿಂದಕ್ಕೆ ಕಳಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಅಳತೆಗೊಂದು ಗುರುತು ಬೇಕಲ್ಲ? ಮಾಗಡಿ ಹತ್ತಿರದ ಕಲ್ಯದಲ್ಲಿ, ಬೋರಮ್ಮಜ್ಜಿಯ ಹೊಲದ ನಡುವೆ ಮೂರು ಅಲ್ಯೂಮಿನಿಯಂ ತಗಡುಗಳನ್ನು ಡಬ್ಬದ ಮೂಲೆಯಂತೆ ಜೋಡಿಸಿ, ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ್ದೆ. ಬಿದ್ದ ಅಲೆಗಳನ್ನೆಲ್ಲ ನೇರ ಹಿಂದಕ್ಕೆ ಕಳಿಸುವುದರಿಂದ ಉಪಗ್ರಹದ ಚಿತ್ರದಲ್ಲಿ ಅದು ಯಾವಾಗಲೂ ಬೆಳ್ಳಗೆ ಹೊಳೆಯುವ ಚುಕ್ಕಿ.

ಈ ಸಲದ ಚಿತ್ರದಲ್ಲಿ ಚುಕ್ಕಿ ಮಂಕಾಗಿತ್ತು. ಯಾರೋ ತಗಡು ಕಿತ್ತಿದ್ದಾರೆಂದು ಹಲ್ಲು ಕಡಿಯುತ್ತ ಮಾಗಡಿ ಬಸ್ಸು ಹತ್ತಿದೆ.

ತಗಡು ಅಲ್ಲೇ ಇತ್ತು. ಚೆನ್ನಾಗಿ ತೊಳೆದು ವಿಭೂತಿ, ಕುಂಕುಮ ಇಟ್ಟಿದ್ದರು. ಚೆಂಡು ಹೂವಿನ ಹಾರ ಬೇರೆ. ಎದುರಿಗೇ ದಪ್ಪನೆಯ ಎರಡು ಬಾಳೆಕಂದು!

"ಆಯುಧ ಪೂಜೆ ಅಲ್ವೇನವ್ವಾ? ಟ್ರ್ಯಾಕ್ಟರ್‌ಗೆ, ನೇಗ್ಲಿಗೆ ಮಾಡ್ಬುಟ್ಟು ನಿನ್ ಮಿಷನ್ ಒಂದ್ನೇ ಬುಟ್ರೆ ಅದು ಮುನಿಸ್ಕಳಕ್ಕಿಲ್ವಾ?" ಎಂದರು ಅಜ್ಜಿ.

ಬೈಯಲು ಬಂದವಳಿಗೆ ನಗು ತಡೆಯಲಾಗಲಿಲ್ಲ. "ಅಜ್ಜಿ, ಹಸಿ ಬಾಳೆ ತುಂಬ ನೀರು. ಅದು ಅಡ್ಡ ನಿಂತು ನನ್ನ ಅಲೆಗಳನ್ನೆಲ್ಲ ನುಂಗಿಬಿಟ್ಟಿದೆ. ಮೇಲಿರೋ ಉಪಗ್ರಹಕ್ಕೂ ಅದು ಗೊತ್ತಾಗಿದೆ!"

ಅಜ್ಜಿ ಒಂದು ಕ್ಷಣ ಆಕಾಶ ನೋಡಿದರು. "ಅಂಗಂದ್ರೆ ನಾನ್ ಮಾಡಿದ್ ಪೂಜೆ ಮ್ಯಾಲಕ್ಕೆ ಕಾಣ್ತಾ?"

"ಕಾಣ್ತು."

ಅವರು ನನ್ನ ಗಲ್ಲ ಹಿಡಿದು ಬಾಯ್ತುಂಬ ನಕ್ಕರು. "ಹುಟ್ದಾಗಿಂದ ಪೂಜೆ ಮಾಡ್ತಾ ಇವ್ನಿ ಕಣವ್ವಾ. ಕಾಣ್ತು ಅಂತ ಮ್ಯಾಲಿಂದ ಸುದ್ದಿ ತಂದೋಳು ನೀನೊಬ್ಳೇ!"